ಎಸೆಯದೆ ಉಳಿದ ಕೈ

ನಮ್ಮ ಕಾಲೇಜಿನ ಬೇಸ್‌ಬಾಲ್ ತಂಡ ಈ ಸೀಸನ್ನಿನ ಶುರುವಿನಲ್ಲಿ ಅಷ್ಟೊಂದು ಮ್ಯಾಚು ಹೇಗೆ ಗೆದ್ದಿತು ಎಂಬುದಕ್ಕೆ ಎಲ್ಲರ ಹತ್ತಿರವೂ ಒಂದೊಂದು ಕಾರಣವಿದೆ. ಕಾಲೇಜಿನ ವೆಬ್‌ಸೈಟಿನವರು ಹೊಸ ಜಿಮ್ಮು ಅಂದರು. ಬ್ಯಾಟಿಂಗ್ ಕಲಿಸುವವರು ಹೊಸ ಬ್ಯಾಟುಗಳು ಅಂದರು. ಎದುರಾಳಿಗಳೇ ದುರ್ಬಲರು ಎಂದು ಸೋತ ತಂಡವೊಂದರ ಅಭಿಮಾನಿ ಬರೆದ. ತನ್ನ ತಂಡವನ್ನೇ ಬೈದುಕೊಂಡದ್ದು ಅವನಿಗೆ ಹೊಳೆದಂತಿಲ್ಲ. ಮುಖ್ಯ ಕೋಚು ಮೈಕಿನ ಮುಂದೆ ನಿಂತು, ನಮ್ಮ ಹುಡುಗರ ಗುಂಡಿಗೆಯೇ ಕಾರಣ ಎಂದು ಎದೆ ತಟ್ಟಿಕೊಂಡರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ತಂಡ ಗೆದ್ದದ್ದು ಅದರ ಅತ್ಯುತ್ತಮ ಪಿಚರ್ ಒಂದು ಚೆಂಡನ್ನೂ ಎಸೆಯದೆ ಬೆಂಚಿನ ಮೇಲೆ ಕೂತದ್ದರಿಂದ. ಕೂರಿಸಿದವಳು ನಾನು.

ನನ್ನ ಹುದ್ದೆಯ ಹೆಸರು ಅಥ್ಲೆಟಿಕ್ ಟ್ರೇನರ್. ನಮ್ಮ ಹಾಸನದವರಿಗೆ ಫಿಜಿಯೋ ಅಂದರೆ ಅರ್ಥವಾಗುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಬೆರ್ರಿಯೆಸಾದಲ್ಲಿರುವ ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರದ ಕಾಲೇಜು ಎಂದಷ್ಟೇ ಹೇಳುತ್ತೇನೆ, ಯಾವುದು ಎಂದು ಹೇಳುವುದಿಲ್ಲ. ಆಟಗಾರರ ಕಾಲಿಗೆ ಪಟ್ಟಿ ಸುತ್ತುವುದು, ಐಸ್ ಇಡುವುದು, ವ್ಯಾಯಾಮ ಮಾಡಿಸುವುದು, ಇವನು ಇವತ್ತು ಆಡಬಹುದು, ಇವನು ಆಡಕೂಡದು ಎಂದು ಹೇಳುವುದು ನನ್ನ ಕೆಲಸ. ಆಡಕೂಡದು ಎಂದು ನಾನು ಹೇಳಿದರೆ ನಿಯಮದ ಪ್ರಕಾರ ಕೋಚು ಮೀರುವಂತಿಲ್ಲ. ಆದರೆ ನನ್ನ ಕೆಲಸ ವರ್ಷವರ್ಷವೂ ನವೀಕರಣವಾಗಬೇಕು. ಅದಕ್ಕೆ ಸಹಿ ಹಾಕುವ ಕ್ರೀಡಾ ನಿರ್ದೇಶಕರು ವೀಕೆಂಡು ಬಂದರೆ ಕೋಚಿನ ಜೊತೆ ಗಾಲ್ಫ್ ಆಡುತ್ತಾರೆ.

ಕ್ರಿಕೆಟ್ಟಿಗೆ ಬೌಲರ್ ಇದ್ದಂತೆ ಬೇಸ್‌ಬಾಲಿಗೆ ಪಿಚರ್. ಓಡಿ ಬರುವುದಿಲ್ಲ, ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು ಮೊಣಕೈ ಮಡಚಿ ಎಸೆಯುತ್ತಾನೆ. ಒಳ್ಳೆಯವನು ಸಿಕ್ಕರೆ ಒಂಬತ್ತು ಇನಿಂಗ್ಸಿನ ಆಟದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವನೊಬ್ಬನಿಂದಲೇ ಎಸೆಸುತ್ತಾರೆ. ನಮ್ಮ ತಂಡದ ಅಂಥ ಹುಡುಗ ನಮ್ಮವನೇ. ತಂದೆತಾಯಿ ಮಂಡ್ಯದ ಕಡೆಯವರು, ಅವನು ಹುಟ್ಟಿ ಬೆಳೆದದ್ದು ಸ್ಯಾನ್ ಹೊಸೆಯಲ್ಲಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ತಂಡದ ಮುಂದೆ ನನ್ನನ್ನು ಮ್ಯಾಮ್ ಅನ್ನುತ್ತಿದ್ದ, ಯಾರೂ ಇಲ್ಲದಾಗ ಆಂಟಿ. ನಮ್ಮದು ಎರಡೇ ವರ್ಷದ ಕಾಲೇಜು. ಇಲ್ಲಿ ಚೆನ್ನಾಗಿ ಆಡಿ ದೊಡ್ಡ ಯೂನಿವರ್ಸಿಟಿಯ ತಂಡಕ್ಕೆ ಹೋಗಬೇಕೆಂಬುದು ಅವನ ಆಸೆ. ಆ ಕೈ ಕೆಟ್ಟರೆ ಆಸೆಯೂ ಮುಗಿಯಿತು.

ಸೆಪ್ಟೆಂಬರಿನಲ್ಲಿ ಅಭ್ಯಾಸ ಶುರುವಾದಾಗಿನಿಂದ ಪ್ರತಿ ಸೋಮವಾರ ಎಲ್ಲ ಪಿಚರ್‌ಗಳ ಕೈ ಅಳೆಯುವುದು ನನ್ನ ಪದ್ಧತಿ. ಟೇಬಲ್ಲಿನ ಮೇಲೆ ಅಂಗಾತ ಮಲಗಿಸಿ, ತೋಳನ್ನು ಭುಜದ ನೇರಕ್ಕೆ ಚಾಚಿಸಿ, ಮೊಣಕೈ ಮಡಚಿಸಿ, ಮುಂಗೈ ಹಿಂದಕ್ಕೆ ಎಷ್ಟು ಹೋಗುತ್ತದೆ, ಮುಂದಕ್ಕೆ ಎಷ್ಟು ಬರುತ್ತದೆ ಎಂದು ನೋಡುತ್ತೇನೆ. ಆಮೇಲೆ ಮುಷ್ಟಿಯ ಬಲ. ಕೊನೆಗೆ ಮೊಣಕೈಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಖ ನೋಡುತ್ತೇನೆ. ಇಪ್ಪತ್ತು ವರ್ಷದ ಹುಡುಗರು ಬಾಯಿಯಲ್ಲಿ ಸುಳ್ಳು ಹೇಳುತ್ತಾರೆ, ಹುಬ್ಬಿನಲ್ಲಿ ಹೇಳಲಾರರು.

ಶನಿವಾರ, ಭಾನುವಾರ ಅಭ್ಯಾಸಕ್ಕೆ ರಜೆ. ಹಾಗಾಗಿ ಸೋಮವಾರ ಎಲ್ಲರ ಕೈಯೂ ಸಡಿಲವಾಗಿ, ಹಗುರವಾಗಿ ಇರಬೇಕು, ಹೆಚ್ಚುಕಡಿಮೆ ಇರುತ್ತಿತ್ತು ಕೂಡ. ಇವನದು ಮಾತ್ರ ಉಲ್ಟಾ. ಶುಕ್ರವಾರದ ಅಭ್ಯಾಸದಲ್ಲಿ ಚೆನ್ನಾಗಿದ್ದ ಭುಜ ಸೋಮವಾರ ಬಿಗಿದಿರುತ್ತಿತ್ತು, ಮುಷ್ಟಿ ಬಲಗುಂದಿರುತ್ತಿತ್ತು. ರಾತ್ರಿ ಕೈ ಮೇಲೆ ಮಲಗ್ತೀಯಾ ಎಂದು ಕೇಳಿದೆ. ಜಿಮ್ಮಿನಲ್ಲಿ ಕದ್ದು ಭಾರ ಎತ್ತುತ್ತಿದ್ದಾನಾ ಎಂದು ವಿಚಾರಿಸಿದೆ. ವಾರಾಂತ್ಯದಲ್ಲಿ ಚೆಂಡು ಎಸೆಯುತ್ತೀಯಾ ಎಂದು ಕೋಚೂ ಕೇಳಿದರು, ನಾನೂ ಕೇಳಿದೆ. ಇಲ್ಲ ಅಂದ. ಹುಬ್ಬು ಅಲ್ಲಾಡಲಿಲ್ಲ, ನಂಬಿದೆ.

ಅವನ ಅಭ್ಯಾಸದ ಎಸೆತಗಳನ್ನು ಅರ್ಧಕ್ಕೆ ಇಳಿಸಿದೆ. ಮುಂದಿನ ಸೋಮವಾರ ಇನ್ನೂ ಕೆಟ್ಟದಾಗಿತ್ತು. ಮತ್ತೂ ಇಳಿಸಿದೆ, ಮತ್ತೂ ಕೆಟ್ಟಿತು. ಕೋಚು ಬಾಗಿಲಲ್ಲಿ ನಿಂತು, "ನೀನು ಅವನನ್ನು ತೊಟ್ಟಿಲಲ್ಲಿಟ್ಟು ತೂಗುತ್ತಿದ್ದೀಯ, ಅದಕ್ಕೇ ಅವನ ಕೈ ಮಗುವಿನ ಕೈಯಾಗಿದೆ," ಅಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನಡುವೆ ಬಂದ ಬೈಗುಳಗಳನ್ನು ಬಿಟ್ಟು ಬರೆದಿದ್ದೇನೆ. ನನಗೆ ಉರಿದುಹೋಯಿತು. ಆದರೆ ಕೈ ಯಾಕೆ ಕೆಡುತ್ತಿದೆ ಎಂಬುದು ನನಗೂ ಹೊಳೆದಿರಲಿಲ್ಲ. ಡಿಸೆಂಬರಿನಲ್ಲಿ ಕಾಲೇಜು ಮುಚ್ಚಿ ಜನವರಿಯಲ್ಲಿ ತೆರೆದಾಗ ಎಲ್ಲರೂ ಕೊಬ್ಬಿದ ಹೋರಿಗಳಂತೆ ಬಂದರು. ಇವನ ಮೊಣಕೈ ಒತ್ತಿದಾಗ ಮೊದಲ ಸಲ ಹುಬ್ಬು ಗಂಟಿಕ್ಕಿತು. ಮೊದಲ ಮ್ಯಾಚಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಅದೇ ವಾರ ಹೊಸ ಶೂ ಕಚ್ಚುತ್ತಿದೆ ಎಂದು ಕಾಲು ತೋರಿಸಲು ಕಿಟ್ ಬ್ಯಾಗಿನ ಸಮೇತ ಬಂದ. ಎಡಗಾಲಿನ ಸಾಕ್ಸು ಬಿಚ್ಚಿದ. ಹಿಮ್ಮಡಿಯ ಮೇಲೆ ಬೊಬ್ಬೆ ಇತ್ತು, ಅದನ್ನು ನೋಡಬೇಕಿತ್ತು. ನನ್ನ ಕಣ್ಣು ಹೋದದ್ದು ಹೆಬ್ಬೆರಳಿಗೆ. ಉಗುರು ಪೂರ್ತಿ ಕಪ್ಪಗಾಗಿತ್ತು.

ಆ ಉಗುರನ್ನು ನಾನು ಹಾಸನದ ನಮ್ಮ ಮನೆಯ ಜಗುಲಿಯ ಮೇಲೆ ಎಷ್ಟೋ ವರ್ಷ ನೋಡಿದ್ದೇನೆ. ನಮ್ಮಣ್ಣ ಕಾಲೇಜು ತಂಡದ ಫಾಸ್ಟ್ ಬೌಲರ್. ಸಿಮೆಂಟಿನ ಮೇಲೆ ಮ್ಯಾಟು ಹಾಸಿದ ಪಿಚ್ಚಿನಲ್ಲಿ ಓಡಿ ಬಂದು ಎಡಗಾಲು ಅಪ್ಪಳಿಸಿ ಅಪ್ಪಳಿಸಿ ಹೆಬ್ಬೆರಳು ಶೂವಿನ ತುದಿಗೆ ಗುದ್ದಿಕೊಂಡು ಅವನ ಉಗುರು ಹೀಗೇ ಕಪ್ಪಾಗುತ್ತಿತ್ತು. ಕೊನೆಗೆ ಹೊಸ ಶೂವಿನ ಮೂತಿಯನ್ನೇ ಬ್ಲೇಡಿನಲ್ಲಿ ಕೊಯ್ದುಕೊಂಡು ಅಪ್ಪನಿಂದ ಬೈಸಿಕೊಂಡಿದ್ದ. ಪಿಚರಿನ ಕಾಲು ಬೀಳುವುದು ಇಳಿಜಾರಿನ ಸಡಿಲ ಮಣ್ಣಿಗೆ. ಇಷ್ಟು ವರ್ಷದಲ್ಲಿ ಒಬ್ಬ ಪಿಚರಿನ ಉಗುರೂ ಹೀಗಾದದ್ದನ್ನು ನಾನು ಕಂಡಿರಲಿಲ್ಲ.

"ಎಲ್ಲಿ ಬೌಲಿಂಗ್ ಮಾಡ್ತಿದ್ದೀಯ?" ಅಂದೆ.

"ವಾಟ್?"

"ನಾಟಕ ಬೇಡ. ಆ ಬ್ಯಾಗಲ್ಲಿ ಇರೋ ಇನ್ನೊಂದು ಶೂ ತೆಗಿ."

ತೆಗೆದ. ಎಡಗಾಲಿನ ಶೂವಿಗೆ ಹೆಬ್ಬೆರಳಿನ ಜಾಗದಲ್ಲಿ ತೂತು ಕೊಯ್ದಿತ್ತು. ನನಗೆ ನಗುವೂ ಬಂತು, ಎರಡು ಬಾರಿಸಬೇಕು ಅಂತಲೂ ಅನ್ನಿಸಿತು.

"ಇಟ್ಸ್ ಜಸ್ಟ್ ಕ್ರಿಕೆಟ್, ಆಂಟಿ," ಅಂದ. "ಡ್ಯಾಡ್ಸ್ ಟೀಮ್."

"ಕೇಳ್ದಾಗ ಯಾಕೆ ಇಲ್ಲ ಅಂದೆ?"

"ಅಪ್ಪ ಸೇಸ್ ಬೌಲಿಂಗ್ ಡಸಂಟ್ ಕೌಂಟ್. ದಿ ಆರ್ಮ್ ಸ್ಟೇಸ್ ಸ್ಟ್ರೇಟ್."

ಸುಳ್ಳು ಹೇಳುತ್ತಿರಲಿಲ್ಲ, ಅದಕ್ಕೇ ಹುಬ್ಬು ಅಲ್ಲಾಡಿರಲಿಲ್ಲ. ಕ್ರಿಕೆಟ್ಟಿನಲ್ಲಿ ಕೈ ಮಡಚಿ ಎಸೆಯುವುದು ಅವಮಾನದ ಸಂಗತಿ. ಅದನ್ನೇ ಕೇಳುತ್ತಾ ಬೆಳೆದ ಹುಡುಗನಿಗೆ ತಾನು ಮಾಡುವುದು ಪೂರ್ತಿ ಬೇರೆ ಕೆಲಸ, ಅದಕ್ಕೆ ಬೇರೆಯದೇ ಕೈ ಇದೆ ಎಂಬ ನಂಬಿಕೆ. ಕ್ರಿಕೆಟ್ ಗೊತ್ತಿಲ್ಲದ ಕೋಚಿಗೆ ಇದು ಯಾವ ಜನ್ಮದಲ್ಲೂ ಹೊಳೆಯುತ್ತಿರಲಿಲ್ಲ.

ಇಲ್ಲಿನ ನಮ್ಮ ಜನರದ್ದು ಒಂದು ಟೂರ್ನಮೆಂಟು ಇದೆ. ರಾಜ್ಯೋತ್ಸವದ ನೆಪದಲ್ಲಿ ನವೆಂಬರಿಗೆ ಶುರುವಾಗುತ್ತದೆ, ಊರೂರಿನ ಹೆಸರಿನಲ್ಲಿ ತಂಡ. ಅದಕ್ಕೆ ಸೆಪ್ಟೆಂಬರಿನಿಂದಲೇ ಶನಿವಾರ, ಭಾನುವಾರ ಅಭ್ಯಾಸ. ಮಳೆ ಬಂತು, ಗ್ರೌಂಡು ಸಿಗಲಿಲ್ಲ, ಯಾರೋ ಊರಿಗೆ ಹೋದರು ಎಂದು ಮುಂದೆ ಹೋಗುತ್ತಾ ಹೋಗುತ್ತಾ ಈ ಸಲ ಫೈನಲ್ಲು ಜನವರಿಗೆ ಬಂದು ನಿಂತಿತ್ತು. ಮಂಡ್ಯ ತಂಡದ ಕ್ಯಾಪ್ಟನ್ನು ಈ ಹುಡುಗನ ಅಪ್ಪ. ಫೈನಲ್ಲು ಹಾಸನದ ಮೇಲೆ. ಹಾಸನ ತಂಡದ ವಿಕೆಟ್ ಕೀಪರು ನನ್ನ ಗಂಡ. ಈ ಕೊನೆಯ ಸಂಗತಿ ನನ್ನ ಗ್ರಹಚಾರ, ಇನ್ನೇನು ಹೇಳಲಿ.

ಆ ಭಾನುವಾರ ಗಂಡನ ಜೊತೆ ಗ್ರೌಂಡಿಗೆ ಹೋದೆ. ಎಂದೂ ಹೋಗುವವಳಲ್ಲ, ಅವರು ಅನುಮಾನದಿಂದಲೇ ಕಾರು ಓಡಿಸಿದರು. ಪಕ್ಕದ ಮೈದಾನದಲ್ಲಿ ಮಂಡ್ಯದವರ ಅಭ್ಯಾಸ ನಡೆದಿತ್ತು. ಹುಡುಗ ಬೌಲ್ ಮಾಡಿದ, ಚೆಂದವಾಗಿಯೇ ಮಾಡಿದ. ಓವರು ಮುಗಿದ ಕೂಡಲೇ ಅಪ್ಪ ಅವನನ್ನು ದೂರದ ಬೌಂಡರಿಗೆ ಕಳಿಸಿದರು, ತಂಡದಲ್ಲಿ ಅವನಷ್ಟು ದೂರದಿಂದ ನೇರ ಕೀಪರಿನ ಕೈಗೆ ಎಸೆಯುವವರು ಇನ್ನೊಬ್ಬರಿಲ್ಲ. ಚೆಂಡು ಬಂದಾಗಲೆಲ್ಲ ಹುಡುಗ ಮೊಣಕೈ ಮಡಚಿ, ಸುಸ್ತಾದ ಭುಜದಿಂದ, ಮೈಯೆಲ್ಲ ಬಳಸಿ ಎಸೆಯುತ್ತಿದ್ದ. ಜನ ಶಿಳ್ಳೆ ಹಾಕುತ್ತಿದ್ದರು. ವಾರವಿಡೀ ನಾನು ಎಸೆತ ಇಳಿಸಿ ಉಳಿಸಿದ್ದನ್ನೆಲ್ಲ ಅವನು ಇಲ್ಲಿ ಖರ್ಚು ಮಾಡುತ್ತಿದ್ದ.

ಟೀ ಕುಡಿಯುವ ಹೊತ್ತಿಗೆ ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರು ನಕ್ಕರು.

"ಅಯ್ಯೋ ಮೇಡಂ, ಬೌಲಿಂಗಿಂದ ಮೊಣಕೈಗೆ ಏನಾಯ್ತದೆ? ಕೈ ಬೆಂಡೇ ಆಗಕಿಲ್ವಲ್ಲ."

"ನಿಮ್ಮ ಮಾತು ಅರ್ಧ ಸರಿ ಸಾರ್. ಬೌಲಿಂಗು ಭುಜ ಸುಸ್ತು ಮಾಡುತ್ತೆ. ಸುಸ್ತಾದ ಭುಜದಲ್ಲಿ ಬೌಂಡರಿಯಿಂದ ಎಸೀತಾನೆ, ಮಂಗಳವಾರ ಬಂದು ನಮ್ಮಲ್ಲಿ ಎಸೀತಾನೆ. ಭುಜ ಮಾಡಬೇಕಾದ ಕೆಲಸಾನೆಲ್ಲ ಮೊಣಕೈ ಮಾಡ್ತಿದೆ. ಅದು ಎಷ್ಟು ದಿನ ತಡೆಯುತ್ತೆ?"

"ಫೈನಲ್ ಒಂದ್ ಆಡ್ಲಿ. ಆಮೇಲೆ ನೀವ್ ಹೇಳ್ದಂಗೆ."

"ಫೈನಲ್ಲೂ ಬೇಡ, ನಮ್ಮ ಮ್ಯಾಚೂ ಬೇಡ. ಮೊದಲು ಡಾಕ್ಟರ್."

ಅವರ ನಗು ನಿಂತಿತು. ಆ ಕಡೆ ಪ್ಯಾಡು ಕಟ್ಟಿಕೊಳ್ಳುತ್ತಿದ್ದ ನನ್ನ ಗಂಡನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ನೀವ್ ಹಾಸನದೋರು ಅಲ್ವಾ ಮೇಡಂ?" ಅಂದರು. ನನ್ನ ಗಂಡ ಕಟ್ಟಿದ್ದ ಪ್ಯಾಡನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದರು.

ಹುಡುಗನ ಅಮ್ಮ ಒತ್ತಾಯ ಮಾಡಿದ್ದರಿಂದ ಸ್ಯಾನ್ ಮಟಿಯೋದ ಕ್ಲಿನಿಕ್ಕಿಗೆ ಅಪ್ಪ, ಮಗ, ನಾನು ಹೋದೆವು. ಡಾಕ್ಟರು ಮೊಣಕೈಯನ್ನು ಸ್ವಲ್ಪ ಮಡಚಿಸಿ ಹೊರಬದಿಗೆ ಎಳೆದು ನೋಡಿದರು, ಅಲ್ಟ್ರಾಸೌಂಡ್ ಮಾಡಿ ಪರದೆ ತೋರಿಸಿದರು. ಒಳಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟು ಊದಿಕೊಂಡಿತ್ತು, ಹರಿದಿರಲಿಲ್ಲ. ವಿಶ್ರಾಂತಿ ಕೊಟ್ಟರೆ ವಾಸಿಯಾಗುವ ಸಂಭವ ಹೆಚ್ಚು ಅಂದರು. ಈಗಲೇ ಎಸೆದರೆ ಎಂದು ಅಪ್ಪ ಕೇಳಿದಾಗ, ತಡೆದುಕೊಳ್ಳಲೂಬಹುದು, ಹರಿಯಲೂಬಹುದು, ಹರಿದರೆ ಆಪರೇಷನ್ನು, ಒಂದು ವರ್ಷದ ಮೇಲೆ ಹೋಗುತ್ತದೆ ಅಂದರು. ಪೂರ್ತಿ ನಿಲ್ಲಿಸಬೇಕೋ, ಕಡಿಮೆ ಎಸೆಸಬೇಕೋ ಎಂಬುದನ್ನು ದಿನವೂ ಈ ಕೈ ನೋಡುವವರು ನಿರ್ಧರಿಸಲಿ ಎಂದು ನನ್ನ ಕಡೆ ತಿರುಗಿದರು. ತಡೆದುಕೊಳ್ಳಲೂಬಹುದು ಎಂಬ ಮಾತೊಂದನ್ನೇ ಅಪ್ಪ ಮನೆಯವರೆಗೂ ತಂದರು.

ಮಾರನೆಯ ದಿನ ಕೋಚಿನ ರೂಮಿನಲ್ಲಿ ಮೀಟಿಂಗು. ನಿರ್ದೇಶಕರೂ ಬಂದಿದ್ದರು, ಹುಡುಗನೂ ಇದ್ದ. ಕೋಚು ಈ ಸಲ ಬೈಯಲಿಲ್ಲ, ಅದೇ ಕಷ್ಟವಾಯಿತು. ಮೊದಲ ಮ್ಯಾಚಿಗೆ ಯೂನಿವರ್ಸಿಟಿಗಳವರು ಇವನನ್ನು ನೋಡಲೆಂದೇ ಬರುತ್ತಿದ್ದಾರೆ, ಅವರು ಮತ್ತೆ ಬರುತ್ತಾರೋ ಇಲ್ಲವೋ, ಕೆಲವೇ ಎಸೆತ ಎಸೆಯಲಿ, ನೋಡಿ ಹೋಗಲಿ ಅಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು. ಹುಡುಗ ನನ್ನ ಕಡೆ ತಿರುಗಿ, "ಪ್ಲೀಸ್ ಆಂಟಿ," ಅಂದ. ಎಲ್ಲರ ಮುಂದೆ ಆಂಟಿ ಅಂದದ್ದು ಅದೇ ಮೊದಲು.

ಭಯವಾಯಿತು. ನಾನು ತಪ್ಪಿದ್ದರೆ, ಆ ಕೈಗೆ ಏನೂ ಆಗುವಂತಿರದೆ ನಾನು ಸುಮ್ಮನೆ ಕೂರಿಸಿದ್ದರೆ, ಅವನ ದಾರಿ ಮುಚ್ಚಿದವಳು ನಾನೇ ಆಗುತ್ತಿದ್ದೆ. ಆದರೆ ತಪ್ಪಿ ಕೂರಿಸಿದರೆ ಅವನಿಗೆ ಒಂದು ಮ್ಯಾಚು ಹೋಗುತ್ತದೆ, ತಪ್ಪಿ ಆಡಿಸಿದರೆ ಕೈಯೇ ಹೋಗುತ್ತದೆ. ಆಡಕೂಡದು ಅಂದೆ. ಕಡಿಮೆಯೂ ಇಲ್ಲ, ಸ್ವಲ್ಪವೂ ಇಲ್ಲ, ನಾನು ಹೇಳುವವರೆಗೆ ಒಂದು ಚೆಂಡೂ ಇಲ್ಲ.

"ಹಾಗಾದರೆ ಯಾರಿಂದ ಎಸೆಸಲಿ? ಅದನ್ನೂ ನೀನೇ ಹೇಳು," ಎಂದು ಕೋಚು ಮೇಜು ಗುದ್ದಿದರು.

ಕೆಣಕಲು ಕೇಳಿದ್ದು. ನಾನು ನಿಜವಾಗಿಯೇ ಉತ್ತರ ಕೊಟ್ಟೆ. ಆ ಕಪ್ಪು ಉಗುರು ಕಂಡ ದಿನದಿಂದ ನಾನು ಎಲ್ಲ ಪಿಚರ್‌ಗಳಿಗೂ ಪ್ರಶ್ನೆ ಬದಲಾಯಿಸಿದ್ದೆ. ಚೆಂಡು ಎಸೆದೆಯಾ ಎಂದು ಕೇಳುವುದನ್ನು ಬಿಟ್ಟು, ರಜೆಯಲ್ಲಿ ಈ ಕೈಯಿಂದ ಏನೇನು ಮಾಡಿದೆ, ಬೆಳಿಗ್ಗೆಯಿಂದ ಹೇಳು ಎಂದು ಕೂರಿಸಿಕೊಂಡು ಕೇಳುತ್ತಿದ್ದೆ. ಒಬ್ಬನು ತನ್ನ ಚಿಕ್ಕಪ್ಪನ ಟ್ರಕ್ಕಿನಲ್ಲಿ ಮನೆ ಬದಲಾಯಿಸುವವರ ಸೋಫಾ ಹೊರುತ್ತಿದ್ದ. ಇನ್ನೊಬ್ಬ ಶನಿವಾರವಿಡೀ ಸಣ್ಣ ಮಕ್ಕಳಿಗೆ ಬ್ಯಾಟಿಂಗ್ ಅಭ್ಯಾಸಕ್ಕೆ ಚೆಂಡು ಹಾಕುತ್ತಿದ್ದ. ಮಕ್ಕಳಿಗೆ ತಾನೇ, ಅದೂ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದ. ಒಂದು ವಾರಾಂತ್ಯ ಅವೆಲ್ಲ ನಿಲ್ಲಿಸಿದ್ದಕ್ಕೇ ಅವರ ಕೈ ನಾನು ಹಿಂದೆಂದೂ ಕಾಣದಷ್ಟು ಚೆನ್ನಾಗಿತ್ತು. ಯಾರೂ ಅರ್ಧ ಆಟ ಎಳೆಯುವಂಥವರಲ್ಲ, ಆದರೆ ಪ್ರತಿಯೊಬ್ಬನೂ ಎರಡು ಇನಿಂಗ್ಸನ್ನು ಮೈಯಲ್ಲಿರುವ ಜೋರನ್ನೆಲ್ಲ ಹಾಕಿ ಎಸೆಯಬಲ್ಲ. ಒಬ್ಬನಾದ ಮೇಲೆ ಒಬ್ಬನನ್ನು ಇಳಿಸಿ ಅಂದೆ. ಕೋಚು ನಿರ್ದೇಶಕರ ಮುಖ ನೋಡಿ ನಕ್ಕರು. ನಕ್ಕರೂ ಅದನ್ನೇ ಮಾಡಿದರು, ಬೇರೆ ದಾರಿ ಇರಲಿಲ್ಲ.

ಮೊದಲ ಮ್ಯಾಚಿನ ದಿನ ತುಂತುರು ಮಳೆ. ಯೂನಿವರ್ಸಿಟಿಯವರು ವೇಗ ಅಳೆಯುವ ಯಂತ್ರ ಹಿಡಿದು ಬೇಲಿಯ ಹಿಂದೆ ಕೂತಿದ್ದರು. ಹುಡುಗ ಜಾಕೆಟ್ಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡು ಬೆಂಚಿನ ತುದಿಯಲ್ಲಿದ್ದ, ನನ್ನ ಕಡೆ ನೋಡಲಿಲ್ಲ. ಸೋಫಾ ಹೊರುತ್ತಿದ್ದವನು ಮೊದಲು ಎಸೆದ. ಎದುರಾಳಿಗಳಿಗೆ ಅವನ ಚೆಂಡು ಅರ್ಥವಾಗುವ ಹೊತ್ತಿಗೆ ಅವನು ಕೆಳಗಿಳಿದು ಎಡಗೈಯಲ್ಲಿ ಎಸೆಯುವ ಇನ್ನೊಬ್ಬ ಬಂದ. ಅವನು ಅರ್ಥವಾಗುವ ಹೊತ್ತಿಗೆ ಮಕ್ಕಳಿಗೆ ಚೆಂಡು ಹಾಕುತ್ತಿದ್ದವನು ಬಂದ. ಸೊಟ್ಟ ಕೈಯಲ್ಲಿ ಸೊಂಟದ ಮಟ್ಟದಿಂದ ಎಸೆಯುವ ಒಬ್ಬನಿದ್ದ, ಹಿಂದಿನ ವರ್ಷ ಅವನನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ, ಅವನೂ ಬಂದ. ಎದುರಾಳಿಗಳ ಬ್ಯಾಟು ಬರೀ ಗಾಳಿಗೇ ಬೀಸುತ್ತಿತ್ತು. ಗೆದ್ದೆವು. ಮುಂದಿನದನ್ನೂ ಗೆದ್ದೆವು, ಅದರ ಮುಂದಿನದನ್ನೂ. ಬೇರೆ ತಂಡದವರು ಒಬ್ಬ ಒಳ್ಳೆಯವನಿಂದ ಸುಸ್ತಾಗುವವರೆಗೆ ಎಸೆಸಿ ಆಮೇಲೆ ಸೋಲುತ್ತಿದ್ದರು. ನಮ್ಮಲ್ಲಿ ಸುಸ್ತಾದವನೇ ಇರಲಿಲ್ಲ. ಇದು ಕಾರಣ. ಜಿಮ್ಮಲ್ಲ, ಬ್ಯಾಟಲ್ಲ. ಬೇಕಾದವರು ವಾದ ಮಾಡಲಿ.

ಹುಡುಗನ ಅಮ್ಮ ಹಟ ಹಿಡಿದದ್ದರಿಂದ ಅವನು ಫೈನಲ್ಲೂ ಆಡಲಿಲ್ಲ. ಹಾಸನ ಗೆದ್ದಿತು. ಗೆದ್ದದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಖುಷಿಪಡುವಂತಿರಲಿಲ್ಲ. ವಾಟ್ಸ್ಯಾಪ್ ಗ್ರೂಪಿನಲ್ಲಿ ಒಬ್ಬರು, ಪಂದ್ಯಪುರುಷೋತ್ತಮ ಪ್ರಶಸ್ತಿ ಕೀಪರ್ ಹೆಂಡತಿಗೆ ಕೊಡಿ ಎಂದು ಬರೆದರು. ಗ್ರೋಸರಿ ಅಂಗಡಿಯಲ್ಲಿ ಮಂಡ್ಯದ ಗೃಹಿಣಿಯೊಬ್ಬರು ನನ್ನನ್ನು ಕಂಡು ತರಕಾರಿಯ ಸಾಲು ಬಿಟ್ಟು ಆಚೆ ಹೋದರು. "ಒಂದು ಸಾರಿ ಹೇಳಿಬಿಡು, ಬೇಜಾರಾಗಿದ್ರೆ ಕ್ಷಮಿಸಿ ಅಂತ," ಎಂದು ಗಂಡ ಅಂದರು. ಯಾವುದಕ್ಕೆ ಕ್ಷಮೆ ಎಂದು ಕೇಳಿದೆ. ಅವರು ಕೀಪಿಂಗ್ ಗ್ಲೌಸು ಒಣಗಿಸಲು ಬಾಲ್ಕನಿಗೆ ಹೋದರು.

ಹುಡುಗನಿಗೆ ಮೊದಲು ಬರೀ ವ್ಯಾಯಾಮ, ರಬ್ಬರ್ ಪಟ್ಟಿ ಎಳೆಯುವುದು. ಆಮೇಲೆ ಹತ್ತಿರದಿಂದ ಮೆಲ್ಲಗೆ ಎಸೆಯುವುದು, ಆಮೇಲೆ ದೂರದಿಂದ, ಕೊನೆಗೆ ದಿಬ್ಬದ ಮೇಲಿಂದ. ಮೊದಮೊದಲು ಯಾರೂ ಇಲ್ಲದಾಗಲೂ ಮ್ಯಾಮ್ ಅನ್ನುತ್ತಿದ್ದ. ಒಂದು ಸೋಮವಾರ ಅವನ ಭುಜ ಸುಲಭವಾಗಿ ಹಿಂದಕ್ಕೆ ಹೋಯಿತು, ಹೆಬ್ಬೆರಳಿನಿಂದ ಒತ್ತಿದೆ, ಹುಬ್ಬು ಹಾಗೆಯೇ ಇತ್ತು. ಅವನೇ ಎದ್ದು ಕೂತು ಸಾಕ್ಸು ಬಿಚ್ಚಿ ತೋರಿಸಿದ. ಕಪ್ಪು ಉಗುರಿನ ಬುಡದಲ್ಲಿ ಹೊಸ ಉಗುರು ಬೆಳ್ಳಗೆ ಬರುತ್ತಿತ್ತು. ಸ್ಯಾನ್ ಮಟಿಯೋದ ಡಾಕ್ಟರೂ ಮತ್ತೊಮ್ಮೆ ನೋಡಿ ಸರಿ ಅಂದ ಮೇಲೆ ನಾನು ಒಪ್ಪಿದೆ. ಎರಡೇ ಇನಿಂಗ್ಸು ಅಂದೆ.

ಅವನು ಮರಳಿದ ದಿನ ಯೂನಿವರ್ಸಿಟಿಯವರು ಒಬ್ಬರು ಬಂದಿದ್ದರು. ಹುಡುಗ ಎರಡು ಇನಿಂಗ್ಸು ಎಸೆದ. ಅಷ್ಟು ಸಲೀಸಾಗಿ ಅವನು ಎಸೆದದ್ದನ್ನು ನಾನೂ ನೋಡಿರಲಿಲ್ಲ. ಯಂತ್ರ ಹಿಡಿದಿದ್ದವರು ಪಕ್ಕದವರಿಗೆ ಏನೋ ತೋರಿಸಿದರು. ಅವನು ಬೆಂಚಿಗೆ ಬರುವಾಗ ಕೋಚು ಬೆನ್ನು ತಟ್ಟಿ, ಇನ್ನೊಂದು ಇನಿಂಗ್ಸು ಆಗುತ್ತದಾ ಎಂದು ಕೇಳಿದರು. ನನ್ನನ್ನು ಕೇಳಲಿಲ್ಲ, ಅವನನ್ನು ಕೇಳಿದರು. ನಾನು ಬೆಂಚಿನಿಂದ ಎದ್ದೆ. ಅಷ್ಟರಲ್ಲಿ ಬೇಲಿಯ ಹಿಂದಿನಿಂದ ಅಪ್ಪನ ಕೂಗು ಕೇಳಿತು.

"ಇನ್ನೊಂದ್ ಹಾಕೋ ಮಗಾ! ಅವರ್ ನೋಡ್ತಾವ್ರೆ!"

ಹುಡುಗ ಕೋಚಿಗೆ ತಲೆಯಾಡಿಸಿ ಇಲ್ಲ ಅಂದ. ಗ್ಲೌಸು ಕಳಚಿ ಬೆಂಚಿನ ಮೇಲಿಟ್ಟು ಬೇಲಿಯ ಹತ್ತಿರ ಹೋದ. ಇನ್ನೇನು ಇಂಗ್ಲಿಷಿನಲ್ಲಿ ಸಮಜಾಯಿಷಿ ಕೊಡುತ್ತಾನೆ ಅಂದುಕೊಂಡೆ.

"ಆಗಲ್ಲ ಅಪ್ಪ," ಅಂದ. "ಎರಡು ಅಂದ್ರೆ ಎರಡೇ. ಕೈ ನಂದು."

ಅಪ್ಪ ಬೇಲಿಯ ತಂತಿ ಹಿಡಿದುಕೊಂಡು ಮಗನನ್ನು ನೋಡಿದರು. ಆಮೇಲೆ ಅವನ ಹಿಂದೆ ಬಂದು ನಿಂತಿದ್ದ ನನ್ನನ್ನು ನೋಡಿದರು.

"ಇದನ್ನೂ ನೀವೇ ಹೇಳ್ಕೊಟ್ರಾ ಮೇಡಂ?"

ಆ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದು ಅವನದೇ ಮಾತು.

"ಹೌದು ಸಾರ್," ಅಂದೆ.